ತಾಂಬೂಲದ ಕಾಸು ಹಿಂದಕ್ಕೆ ಕೊಟ್ಟ ವರ್ಷ

ನಾಲ್ಕು ವರ್ಷಕ್ಕೊಮ್ಮೆ ಒಲಿಂಪಿಕ್ ಬಂತೆಂದರೆ ನಮ್ಮ ಮನೆಯ ಹುಡುಗರು ರೇಡಿಯೋಗೆ ಕಿವಿ ಅಂಟಿಸಿಕೊಂಡು ಕೂರುತ್ತಾರೆ. ಯಾವ ದೇಶ ಹೋಗಲಿಲ್ಲ, ಯಾರ ಪದಕ ಕಿತ್ತುಕೊಂಡರು, ಯಾರನ್ನು ಅರ್ಧದಲ್ಲೇ ಮನೆಗೆ ಕಳಿಸಿದರು ಎಂದು ವಾದಕ್ಕೆ ಬಿದ್ದರೆ ತಟ್ಟೆಯ ಅನ್ನ ಆರಿಹೋದರೂ ನಿಲ್ಲಿಸುವುದಿಲ್ಲ. ನಾನು ಬಾಯಿ ಹಾಕುವುದಿಲ್ಲ. ಆ ಪಂದ್ಯಗಳ ಮೇಲೆ ನನಗಿರುವ ಸಿಟ್ಟು ಪತ್ರಿಕೆ ಓದಿ ಬಂದದ್ದಲ್ಲ. ಬರ್ಲಿನ್ನಿನಲ್ಲಿ ಪಂದ್ಯ ನಡೆದ ವರ್ಷ ಅದು ನಮ್ಮ ಮನೆಯೊಳಗೇ ಬಂದು ಕೂತಿತ್ತು. ನಮ್ಮವರು, ಅಂದರೆ ನನ್ನ ಗಂಡ, ಬರ್ಲಿನ್ ಇರಲಿ, ಮದರಾಸನ್ನೂ ದಾಟಲಿಲ್ಲ. ಆದರೂ ಆ ಪಂದ್ಯದ ದೆಸೆಯಿಂದ ನಾವು ಊರು ಬಿಟ್ಟೆವು.

ನನ್ನ ತವರು ಧರ್ಮಪುರಿ ಹತ್ತಿರದ ಅದಿಯಮಾನ್‌ಕೋಟೆ. ಅಪ್ಪ ಮಗ್ಗದ ಮುಂದೆ ಕೂರಿಸಿಕೊಂಡು ಕನ್ನಡ ಅಕ್ಷರ ತಿದ್ದಿಸಿದ್ದರು. ಈಗ ಇದನ್ನು ಬರೆಯಲಾಗುತ್ತಿರುವುದು ಅದರಿಂದ. ಮದುವೆಯಾಗಿ ಸೇಲಂನ ನೇಕಾರರ ಬೀದಿಗೆ ಬಂದಾಗ ಅಲ್ಲಿ ಮಾತು ಕನ್ನಡ, ಅಂಗಡಿಯ ಬೋರ್ಡು ತಮಿಳು, ಓದು ಯಾವುದೂ ಇಲ್ಲ. ನಮ್ಮವರಿಗೆ ಅಪ್ಪ ಅಮ್ಮ ತೀರಿಹೋಗಿದ್ದರು. ಇದ್ದದ್ದು ಒಂದು ಕುಳಿಮಗ್ಗ, ಒಂದು ಕೋಣೆ, ಮತ್ತೆ ಆ ಬೀದಿ. ಬೀದಿಯೇ ಅವರಿಗೆ ತಾಯಿ ತಂದೆ ಎಂದು ಬೀದಿಯ ಯಜಮಾನರು ಮದುವೆಯ ದಿನ ನನಗೆ ಹೇಳಿದ್ದರು. ಮುದುಕರು, ಮೃದು ಮಾತಿನವರು. ನಮ್ಮವರನ್ನು ಎತ್ತಿ ಆಡಿಸಿದವರು.

ನಮ್ಮವರ ಓಟ ಹುಟ್ಟಿದ್ದೂ ಬೀದಿಯಲ್ಲೇ. ನೇಯುವ ಮೊದಲು ಉದ್ದದ ನೂಲಿಗೆ ಗಂಜಿ ಹಾಕಬೇಕು. ಆ ನೂಲನ್ನು ನಮ್ಮಲ್ಲಿ ಪಾವು ಎನ್ನುತ್ತಾರೆ. ಬೆಳಕು ಹರಿಯುತ್ತಿದ್ದಂತೆ ಪಾವನ್ನು ಬೀದಿಯ ಉದ್ದಕ್ಕೂ ಕೋಲುಗಳ ಮೇಲೆ ಬಿಗಿದು ಕಟ್ಟಿ, ಗಂಜಿ ಬಳಿದು, ದೊಡ್ಡ ಬ್ರಷ್ಷು ಹಿಡಿದು ಈ ತುದಿಯಿಂದ ಆ ತುದಿಗೆ ಎಳೆಯುತ್ತಾ ಹೋಗಬೇಕು. ಬಿಸಿಲು ಏರುವುದರೊಳಗೆ ಒಂದೊಂದು ಎಳೆಯೂ ಬಿಡಿಬಿಡಿಯಾಗಿ ಒಣಗಬೇಕು. ತಡವಾದರೆ ಎಳೆ ಎಳೆಗೆ ಅಂಟಿಕೊಂಡು, ಮಗ್ಗಕ್ಕೆ ಹಾಕಿದಾಗ ಪಟಪಟನೆ ಕಡಿಯುತ್ತದೆ. ಒಂದು ಮನೆಯವರಿಂದ ಆಗುವ ಕೆಲಸವಲ್ಲ ಅದು. ಇವತ್ತು ನಮ್ಮ ಪಾವಿಗೆ ನೀವು, ನಾಳೆ ನಿಮ್ಮ ಪಾವಿಗೆ ನಾವು. ಬೇರೆಯವರು ಬ್ರಷ್ಷು ಹಿಡಿದು ನಡೆಯುತ್ತಿದ್ದರು, ನಮ್ಮವರು ಓಡುತ್ತಿದ್ದರು. ಹತ್ತು ವರ್ಷದವರಿದ್ದಾಗಿನಿಂದ ಹಾಗೆಯೇ ಅಂತೆ.

ಒಂದು ಬೆಳಿಗ್ಗೆ ಆ ಓಟವನ್ನು ಒಬ್ಬ ಡ್ರಿಲ್ ಮಾಸ್ತರು ಕಂಡರು. ತಮಿಳಿನವರು, ಯಾವುದೋ ಶಾಲೆಯಲ್ಲಿ ಕೆಲಸ. ಸೈಕಲ್ಲಿನಿಂದ ಇಳಿದು ನಿಂತವರು ಪಾವು ಒಣಗುವವರೆಗೂ ಕದಲಲಿಲ್ಲ. "ಎನ್ನಯ್ಯಾ ಕಾಲು ಇದು!" ಎಂದು ಬಗ್ಗಿ ನಮ್ಮವರ ಮೊಣಕಾಲನ್ನೇ ಮುಟ್ಟಿ ನೋಡಿದರು. ಅಲ್ಲಿಂದ ಸಂಜೆ ಹೊತ್ತು ಓಮಲೂರು ರಸ್ತೆಯಲ್ಲಿ ಅಭ್ಯಾಸ ಶುರುವಾಯಿತು. ಮಾಸ್ತರು ಸೈಕಲ್ಲಿನಲ್ಲಿ, ಇವರು ಬರಿಗಾಲಲ್ಲಿ. ಜಿಲ್ಲೆಯ ದೂರದ ಓಟದಲ್ಲಿ ಬೂಟು ಹಾಕಿದ ಕಾಲೇಜಿನವರನ್ನೆಲ್ಲ ಹಿಂದೆ ಹಾಕಿದರು. ಮುಂದಿನದು ಮದರಾಸು. ಅಲ್ಲಿ ಗೆದ್ದರೆ ದೇಶದ ಆಯ್ಕೆ, ಅಲ್ಲೂ ಗೆದ್ದರೆ ಹಡಗು ಹತ್ತಿ ಬರ್ಲಿನ್ನು ಎಂದರು ಮಾಸ್ತರು. ನಮ್ಮವರು ಆ ಊರಿನ ಹೆಸರನ್ನು ಲಾಳಿ ಹೊಡೆಯುವಾಗ ಮಂತ್ರದ ಹಾಗೆ ಹೇಳಿಕೊಳ್ಳುತ್ತಿದ್ದರು. ಅವರು ಅಷ್ಟು ಆಸೆ ಪಟ್ಟದ್ದನ್ನು ನಾನು ಮುಂಚೆಯೂ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ.

ಮಾಸ್ತರು ನಮ್ಮ ಜಗಲಿಯಲ್ಲಿ ಕೂತು ಪತ್ರಿಕೆಯ ಸುದ್ದಿ ಹೇಳುತ್ತಿದ್ದರು. ಪಂದ್ಯ ನಡೆಸುವ ಜರ್ಮನಿಯವರು ತಮ್ಮ ನಾಡಿನ ಯಹೂದಿ ಆಟಗಾರರನ್ನೇ ಮೈದಾನದಿಂದ ಓಡಿಸಿದ್ದಾರೆ. ಅಂಥ ಕಡೆ ಹೋಗಬೇಕೋ ಬೇಡವೋ ಎಂದು ಅಮೆರಿಕದಲ್ಲಿ ದೊಡ್ಡ ಜಗಳ. ಹಿಂದಿನ ಪಂದ್ಯದಲ್ಲಿ ಉತ್ತರದ ಒಂದು ಚಳಿ ದೇಶದ ಹೆಸರಾಂತ ಓಟಗಾರನನ್ನು ಬಾಗಿಲಲ್ಲೇ ತಡೆದರಂತೆ, ದಾರಿ ಖರ್ಚಿಗೆಂದು ಹೆಚ್ಚು ಹಣ ಮುಟ್ಟಿದ್ದಕ್ಕೆ. ಓಡಿದ್ದಕ್ಕೆ ಕಾಸು ತಗೊಂಡವರಿಗೆ ಅಲ್ಲಿ ಜಾಗವಿಲ್ಲ, ಅದು ಅಲ್ಲಿಯ ಕಟ್ಟಳೆ.

"ಅವ್ರ ನಾಡೋರ್ನೇ ಓಡಾಕೆ ಬಿಡ್ದೋರು ನನ್ನ ಬಿಟ್ಟಾರಾ ಸಾರ್?" ಎಂದು ನಮ್ಮವರು ಕೇಳಿದರು.

"ಉನ್ನೆ ಯಾರುಯ್ಯಾ ತಡುಪ್ಪಾಂಗ?" ನಿನ್ನನ್ನು ಯಾರಯ್ಯಾ ತಡೀತಾರೆ ಎಂದು ಮಾಸ್ತರು ನಕ್ಕರು. ಕಾಸಿಗೆ ಓಡುವವರೆಂದರೆ ಸರ್ಕಸ್ಸಿನವರು ಇರಬೇಕು ಎಂದುಕೊಂಡು ನಾನೂ ನಕ್ಕೆ.

ಮದರಾಸಿಗೆ ಹೊರಡುವ ದಿನ ಬೀದಿಯ ಮನೆಮನೆಯವರೂ ಬಂದು ತಾಂಬೂಲ ಕೊಟ್ಟರು. ನಮ್ಮ ಜನರಲ್ಲಿ ಬರಿ ಎಲೆ ಅಡಿಕೆ ಕೊಡುವ ಹಾಗಿಲ್ಲ. ಮೇಲೆ ಒಂದು ಕಾಸು ಇರಲೇಬೇಕು. ಕಾಸಿಲ್ಲದ ತಾಂಬೂಲ ಕೊಡುವುದೂ ಒಂದೇ, ನೀನು ಹಾಳಾಗಿ ಹೋಗು ಎನ್ನುವುದೂ ಒಂದೇ. ಗಂಜಿಗೆ ಗತಿಯಿಲ್ಲದ ಮುದುಕಿಯೂ ಸವೆದ ತಾಮ್ರದ ಕಾಸೊಂದನ್ನು ಇಟ್ಟು ಕೊಟ್ಟಳು. ಯಜಮಾನರು ಬೆಳ್ಳಿ ರೂಪಾಯಿ ಇಟ್ಟರು. "ಓಗಿ ಗೆದ್ಕಂಡು ಬಾ ಮಗಾ. ಬೀದಿ ನಿನ್ನ ಬೆನ್ನಿಗೈತೆ" ಎಂದರು. ನಾನು ಎಲ್ಲವನ್ನೂ ಹಳದಿ ಬಟ್ಟೆಯಲ್ಲಿ ಕಟ್ಟಿ ಅವರ ಸೊಂಟಕ್ಕೆ ಸಿಕ್ಕಿಸಿದೆ.

ಮದರಾಸಿನಲ್ಲಿ ನಡೆದದ್ದನ್ನು ಮಾಸ್ತರ ಬಾಯಿಂದ ಕೇಳಿದೆ. ಓಟಕ್ಕೆ ಮುಂಚೆ ಒಬ್ಬ ಬಿಳಿ ದೊರೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಪ್ರಶ್ನೆ ಕೇಳಿದ. ಪಕ್ಕದಲ್ಲಿ ಅದನ್ನು ತಮಿಳಿನಲ್ಲಿ ಹೇಳಲು ಒಬ್ಬ ಗುಮಾಸ್ತ. ಓಟಕ್ಕಾಗಿ ಯಾರಿಂದಲಾದರೂ ಹಣ ಪಡೆದಿದ್ದೀಯಾ? ಬೇರೆಯವರೆಲ್ಲ ಇಲ್ಲ ಎಂದರು. ನಮ್ಮವರಿಗೆ ಅವರನ್ನು ಕಂಡು ಅಯ್ಯೋ ಪಾಪ ಅನ್ನಿಸಿತಂತೆ. ಇವರನ್ನು ಹರಸಿ ಕಳಿಸಲು ಇವರ ಊರಲ್ಲಿ ಒಬ್ಬರೂ ಇಲ್ಲವೇ ಎಂದು. ದೊರೆ ಕೇಳುತ್ತಿರುವುದು ನಿನ್ನ ಹಿಂದೆ ಜನ ಇದ್ದಾರಾ ಎಂದು ಅವರು ತಿಳಿದರು. ತಮ್ಮ ಸರದಿ ಬಂದಾಗ ಸೊಂಟದ ಗಂಟು ಬಿಚ್ಚಿ, ಬಾಡಿದ ಎಲೆಗಳ ಮೇಲಿನ ಕಾಸುಗಳನ್ನು ಎರಡೂ ಕೈಯಲ್ಲಿ ಎತ್ತಿ ತೋರಿಸಿದರು. ನಮ್ಮ ಬೀದಿಯಲ್ಲಿ ಒಂದು ಮನೆಯೂ ತಪ್ಪದೆ ಕೊಟ್ಟಿದ್ದಾರೆ ಎಂದು ಎದೆಯುಬ್ಬಿಸಿ ಹೇಳಿದರು.

ಅವರನ್ನು ಸಾಲಿನಿಂದ ಆಚೆ ನಿಲ್ಲಿಸಿದರು. ಕಾಸಿಗೆ ಓಡುವವನು ಎಂದುಬಿಟ್ಟರು. ಮಾಸ್ತರು ಕೈಮುಗಿದು ಎಷ್ಟು ಹೇಳಿದರೂ ದೊರೆ ಕೇಳಲಿಲ್ಲ. ಕೊನೆಗೆ, ತಗೊಂಡದ್ದನ್ನೆಲ್ಲ ಕೊಟ್ಟವರಿಗೇ ಹಿಂದಿರುಗಿಸಿ ಅರ್ಜಿ ಹಾಕಿದರೆ ಯೋಚಿಸಬಹುದು ಎಂದನಂತೆ. ಅವತ್ತಿನ ಓಟವನ್ನು ನಮ್ಮವರು ಹಗ್ಗದ ಆಚೆ ಕೂತು ನೋಡಿದರು. ಗೆದ್ದವನನ್ನು ಇವನು ನಿದ್ದೆಗಣ್ಣಲ್ಲೂ ಸೋಲಿಸುತ್ತಿದ್ದ ಎಂದು ಹೇಳುವಾಗ ಮಾಸ್ತರ ಕಣ್ಣಲ್ಲಿ ನೀರು.

ಹಿಂದಿರುಗಿಸುವುದು! ದೊರೆಗೆ ಅದು ಸುಲಭದ ಮಾತು. ನಮ್ಮ ಜನರಲ್ಲಿ ತಾಂಬೂಲ ಹಿಂದಕ್ಕೆ ಹೋಗುವುದು ಒಪ್ಪಿದ ಮದುವೆ ಮುರಿದಾಗ ಮಾತ್ರ. ನಿಮಗೂ ನಮಗೂ ಇನ್ನು ಸಂಬಂಧವಿಲ್ಲ ಎಂದು ಅದರ ಅರ್ಥ. ಅರ್ಜಿ ಹಾಕಿದರೆ ಬರ್ಲಿನ್ನು ಸಿಕ್ಕರೂ ಸಿಗಬಹುದು, ಬೀದಿ ಮಾತ್ರ ಖಂಡಿತ ಹೋಗುತ್ತದೆ. ನಾನು ಆಗ ಬಸುರಿ. "ಬ್ಯಾಡ ಕಣ್ರೀ, ಆ ಬರ್ಲಿನ್ನು ನಮ್ಗೆ ಬ್ಯಾಡ" ಎಂದು ಕಾಲು ಹಿಡಿದೆ.

"ನಾನೇನು ಕದ್ದಿಲ್ಲ ಕಣ್ಲೇ. ಕೂಲಿಗೆ ಓಡ್ದೋನು ಅಂದ್ರಲ್ಲಾ ಅವ್ರು, ಅದು ಸುಳ್ಳು ಅಂತ ಆಗ್ಬೇಕು" ಎಂದರು.

ಮೊದಲು ಯಜಮಾನರ ಮನೆಗೆ ಹೋದರು. ನಾನೂ ಹಿಂದೆಯೇ ಹೋದೆ. ಮುದುಕರು ಬೆಳ್ಳಿ ರೂಪಾಯಿಯನ್ನು ನೋಡಿ, ನಮ್ಮವರ ಮುಖ ನೋಡಿ, ಕೈ ಹಿಂದಕ್ಕೆ ಎಳೆದುಕೊಂಡರು. "ದೊರೆ ಏಳ್ದ ಅಂತ ನನ್ನ ಆಸೀರ್ವಾದನ ವಾಪ್ಸು ತಂದೇನ್ಲಾ?" ಎಂದರು. ನಮ್ಮವರು ಏನೇನೋ ವಿವರಿಸಿದರು. ಮುದುಕರು ಕೇಳಿಸಿಕೊಳ್ಳದೆ ಒಳಗೆ ಹೋಗಿ ಬಾಗಿಲು ಹಾಕಿದರು. ನಮ್ಮವರು ರೂಪಾಯಿಯನ್ನು ಹೊಸ್ತಿಲ ಮೇಲಿಟ್ಟು ಮುಂದಿನ ಮನೆಗೆ ಹೋದರು. ಆ ಬಾಗಿಲೂ ಮುಚ್ಚಿತು. ತಾಮ್ರದ ಕಾಸು ಕೊಟ್ಟಿದ್ದ ಮುದುಕಿಯೊಬ್ಬಳೇ ಕಾಸನ್ನು ಕೈಗೆ ತಗೊಂಡಳು. ತಗೊಂಡು ನಮ್ಮ ಕಣ್ಣೆದುರೇ ಚರಂಡಿಗೆ ಎಸೆದಳು.

ಅರ್ಜಿ ಹೋಯಿತು. ಆಯ್ಕೆ ಮುಗಿದಿದೆ ಎಂದು ಎರಡು ಸಾಲಿನ ಉತ್ತರ ಬಂತು.

ಅದಾದ ಮೇಲೆ ನಮ್ಮ ಪಾವು ಬೀದಿಗೆ ಬರುವ ದಿನ ಬಂತು. ನಮ್ಮವರು ಎಂದಿನಂತೆ ಹಿಂದಿನ ದಿನವೇ ಮನೆಮನೆಗೂ ಹೇಳಿ ಬಂದಿದ್ದರು. ಬೆಳಗಾಯಿತು, ಕೋಲು ನೆಟ್ಟೆವು, ಒಬ್ಬರೂ ಬರಲಿಲ್ಲ. ಕಾದಷ್ಟೂ ಗಂಜಿ ಕೆಡುತ್ತದೆಂದು ಇಬ್ಬರೇ ಶುರು ಮಾಡಿದೆವು. ನಾನು ಹೊಟ್ಟೆ ಹೊತ್ತುಕೊಂಡು ಒಂದು ತುದಿಯಲ್ಲಿ ಬಿಗಿ ಹಿಡಿದೆ. ಅವರು ಬ್ರಷ್ಷು ಹಿಡಿದು ಈ ಪಕ್ಕ ಎಳೆದುಕೊಂಡು ಹೋಗಿ, ಆ ಪಕ್ಕದಿಂದ ಎಳೆದುಕೊಂಡು ಬಂದರು. ಮತ್ತೆ ಹೋದರು, ಮತ್ತೆ ಬಂದರು. ಎಂಟು ಜನರ ಕೆಲಸ. ಅಂಥ ಓಟವನ್ನು ಬರ್ಲಿನ್ನಿನವರೂ ನೋಡಿರಲಾರರು. ಬೆವರು ಪಾವಿನ ಮೇಲೇ ಸುರಿಯುತ್ತಿತ್ತು. ಬಾಗಿಲುಗಳ ಸಂದಿಯಲ್ಲಿ ಕಣ್ಣುಗಳಿದ್ದವು, ನನಗೆ ಕಾಣುತ್ತಿತ್ತು. ಯಜಮಾನರು ಒಂದು ಸಲ ಹೊರಗೆ ಬಂದು ಕಂಬ ಹಿಡಿದು ನಿಂತು, ಮತ್ತೆ ಒಳಗೆ ಹೋದರು. ಸೂರ್ಯ ಮನೆಗಳ ಮೇಲೆ ಬಂದಾಗ ಪಾವಿನ ನಡುಭಾಗ ಹಪ್ಪಳದ ಹಾಗೆ ಅಂಟಿಕೊಂಡು ಒಣಗಿತ್ತು. ನಮ್ಮವರು ಎಳೆ ಬಿಡಿಸಲು ಹೋದರು. ಅದು ಕೈಯಲ್ಲೇ ಕಡಿಯಿತು.

ಇನ್ನೊಂದು ಪಾವಿಗೂ ಅದೇ ಗತಿಯಾಯಿತು. ನೇಕಾರನಿಗೆ ಬೀದಿ ಇಲ್ಲವೆಂದರೆ ಮಗ್ಗವಿದ್ದೂ ಇಲ್ಲ. ಮಗ್ಗ ಮಾರಿ ನನ್ನ ತವರಿಗೆ ಹೋಗುವುದೆಂದು ತೀರ್ಮಾನವಾಯಿತು. ಹೊರಡುವ ಮುಂಚೆ ಮಾಸ್ತರು ಪತ್ರಿಕೆ ತಂದು ಓದಿದರು. ಪಂದ್ಯ ಮುಗಿದಿತ್ತು. ನಮ್ಮ ದೇಶದ ಹಾಕಿಯವರು ಬ್ರಿಟಿಷರ ಬಾವುಟದ ಹಿಂದೆ ನಡೆದು ಹೋಗಿ ಚಿನ್ನ ಗೆದ್ದಿದ್ದರು. ದೂರದ ಓಟಗಳನ್ನು ಆ ಚಳಿ ದೇಶದವರೇ ಬಾಚಿಕೊಂಡಿದ್ದರು. "ಸಂತೋಸ ಸಾರ್" ಎಂದರು ನಮ್ಮವರು. ನನಗೆ ಮೈಯೆಲ್ಲ ಉರಿಯಿತು. ಯಹೂದಿಗಳನ್ನು ಅಟ್ಟಿದವರು ಪಂದ್ಯ ನಡೆಸಬಹುದು, ಮುದುಕಿಯ ಸವೆದ ಕಾಸು ಮುಟ್ಟಿದವನು ಓಡಬಾರದು. ಇಂಥ ಕಟ್ಟಳೆ ಬರೆದವರ ಕೈಗೆ ಹುಳ ಬೀಳಲಿ ಎಂದು ಆವತ್ತು ಶಪಿಸಿದೆ. ಆ ಶಾಪವನ್ನು ಇವತ್ತಿಗೂ ಹಿಂದಕ್ಕೆ ತಗೊಂಡಿಲ್ಲ.

ಧರ್ಮಪುರಿ ಬಸ್ಸು ಓಮಲೂರಿನಲ್ಲಿ ನಿಂತಿತು. ನನಗೆ ಬಾಯಾರಿ ತಲೆ ಸುತ್ತುತ್ತಿತ್ತು. ನಮ್ಮವರು ಚೊಂಬು ಹಿಡಿದು ಇಳಿದು ದೂರದ ಬಾವಿಗೆ ಹೋದರು. ಅವರು ನೀರು ತುಂಬಿಕೊಂಡು ತಿರುಗುವಷ್ಟರಲ್ಲಿ ಬಸ್ಸು ಹೊರಟೇಬಿಟ್ಟಿತು. ಕಂಡಕ್ಟರು ಮೆಟ್ಟಿಲ ಮೇಲೆ ನಿಂತು "ಓಡಿ ವಾಯ್ಯಾ! ಓಡಿ ವಾ!" ಎಂದು ಕೂಗಿದ. ನಾನು ಕಿಟಕಿಯಿಂದ ಅರ್ಧ ಮೈ ಆಚೆ ಹಾಕಿ, "ಓಡ್ಬನ್ನಿ, ಓಡ್ಬನ್ನಿ" ಎಂದು ಕಿರುಚಿದೆ. ಹೆಚ್ಚೆಂದರೆ ನಮ್ಮ ಬೀದಿಯಷ್ಟು ದೂರ. ಅವರು ಒಂದು ಹೆಜ್ಜೆಯನ್ನೂ ಜೋರಾಗಿ ಹಾಕಲಿಲ್ಲ. ಚೊಂಬಿನ ಮೇಲೆ ಕೈಯಿಟ್ಟುಕೊಂಡು ನಡೆದೇ ಬಂದರು.

ಕಂಡಕ್ಟರನ ಜೊತೆ ಜಗಳವಾಡಿ ಬಸ್ಸು ನಿಲ್ಲಿಸಿ ಗಂಟಿನೊಂದಿಗೆ ಇಳಿದೆ. ಬಸ್ಸು ಹೋಯಿತು. ಧೂಳಿನಲ್ಲಿ ಹಿಂದಕ್ಕೆ ನಡೆಯುತ್ತಾ, ಮನಸಾರೆ ಬೈಯಬೇಕೆಂದು ಮಾತು ಕೂಡಿಸಿಕೊಳ್ಳುತ್ತಿದ್ದೆ. ಎದುರಿಗೆ ಬಂದವರು ಚೊಂಬನ್ನು ನನ್ನ ಕಡೆ ನೀಡಿದರು.

"ಓಡಿದ್ರೆ ಯಾರಾನ ಕಾಸು ಕೊಟ್ಬಿಡ್ತಾರೆ ಕಣ್ಲೇ" ಎಂದರು.

ನಾನು ನಗುತ್ತೇನೆಂದು ಅವರು ಕಾದರು. ನಾನು ಗಂಟನ್ನು ನೆಲಕ್ಕೆ ಹಾಕಿ, ಹೋಗಿಬರುವವರ ಪರಿವೆಯಿಲ್ಲದೆ, ನಡುರಸ್ತೆಯಲ್ಲಿ ನಿಂತು ಅತ್ತುಬಿಟ್ಟೆ. ಅವರು ಗಂಟನ್ನು ಎತ್ತಿ ತಲೆಯ ಮೇಲಿಟ್ಟುಕೊಂಡು, ನಾನು ನೀರು ಕುಡಿದು ಮುಗಿಸುವವರೆಗೂ ಕಾದು, ನನ್ನ ನಡಿಗೆಗೆ ಸರಿಯಾಗಿ ನಿಧಾನವಾಗಿ ಧರ್ಮಪುರಿಯ ಕಡೆಗೆ ನಡೆದರು.