ಮೊಣಕೈಯಂತೆ ಬಾಗಿದ ಪಟ್ಟಿಗಳು

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ಎಂದೂ ಸಂಕೋಚವಾಗಿಲ್ಲ. ಅಪ್ಪ ದಾವಣಗೆರೆಯ ಹತ್ತಿ ಮಿಲ್ಲಿನಲ್ಲಿದ್ದ. ಮಿಲ್ಲು ಮುಚ್ಚಿದ ಮೇಲೆ ಅವನೂ ಹೆಚ್ಚು ಕಾಲ ಉಳಿಯಲಿಲ್ಲ. ಅವ್ವ ಓಣಿಯವರ ಹಳೆ ಸೀರೆಗಳಿಂದ ಕೌದಿ ಹೊಲಿದು ನನ್ನನ್ನು ಬಿ.ಕಾಂ. ಓದಿಸಿದಳು. ತೊಂಬತ್ತರ ದಶಕ ಮುಗಿಯುತ್ತಿದ್ದ ಆ ವರ್ಷಗಳಲ್ಲಿ ನಾನು ದಿನಾ ಬೆಳಿಗ್ಗೆ ಹರಿಹರದ ಬಸ್ಸು ಹತ್ತುತ್ತಿದ್ದೆ. ಗುತ್ತೂರಿನ ಕಡೆ ಹಾಸುಹೊದಿಕೆ, ದಿಂಬಿನ ಗೌಸು ಹೊಲಿಯುವ ಸಣ್ಣ ಘಟಕವೊಂದರಲ್ಲಿ ನನಗೆ ಲೆಕ್ಕಪತ್ರದ ಕೆಲಸ. ಲೆಕ್ಕಪತ್ರವೆಂದು ಹೆಸರಿಗೆ; ಬಂದ ಬಟ್ಟೆ ನೋಡುವುದು, ಹೋಗುವ ಬಟ್ಟೆ ನೋಡುವುದು ಎಲ್ಲ ನನ್ನದೇ.

ಘಟಕದ ಮಾಲೀಕರು ಹರಿಹರದ ಹಳೆಯ ಬಟ್ಟೆ ವ್ಯಾಪಾರಿ. ಎಲ್ಲರೂ ಅವರನ್ನು ಸಾಹೇಬ್ರು ಎನ್ನುತ್ತಿದ್ದೆವು. ಒಂದು ದಿನ ಅವರಿಗೆ ಮುಂಬಯಿಯಿಂದ ಹೊಸ ಕೆಲಸ ಬಂತು. ಬಣ್ಣಬಣ್ಣದ ಉದ್ದ ಪಟ್ಟಿಗಳನ್ನು ಜೋಡಿಸಿ ಮಾಡುವ ಹೊದಿಕೆ, ಅಂದರೆ ನಮ್ಮ ಕೌದಿಯದೇ ಒಂದು ಜಾತಿ. ಜೊತೆಗೆ ಒಂದು ಸ್ಕೇಲೂ ಬಂದಿತ್ತು. ಗಾಜಿನಂತಹ ದಪ್ಪ ಪ್ಲಾಸ್ಟಿಕ್ಕಿನ ಅಗಲ ಹಲಗೆ, ಅದರ ಮೈತುಂಬ ಸಮನಾದ ಸೀಳುಗಳು. ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಕೆಳಗಿಟ್ಟು, ಪುಟ್ಟ ಗಾಲಿಯಂತಹ ಬ್ಲೇಡನ್ನು ಒಂದೊಂದೇ ಸೀಳಿನಲ್ಲಿ ಉರುಳಿಸಿದರೆ ಪಟ್ಟಿಗಳು ಬೇರೆಬೇರೆಯಾಗಿ ಬರುತ್ತಿದ್ದವು. ಬ್ಲೇಡು ಆಚೀಚೆ ಜಾರಲು ದಾರಿಯೇ ಇಲ್ಲ.

ಸಾಹೇಬರು ಅದನ್ನು ನನ್ನ ಕೈಗೆ ಕೊಟ್ಟು, "ನಿಮ್ಮ ತಾಯಿ ಕೌದಿ ಹೊಲೀತಾರಂತಲ್ಲಮ್ಮ. ಮನೀಗೆ ತಗಂಡು ಹೋಗು. ಒಂದು ನಮೂನೆ ಮಾಡಿಕೊಡ್ಲಿ. ಚಲೋ ಬಂದ್ರೆ ಕತ್ತರಿಸೋ ಮೇಜಿಗೆ ಅವರೇ ದೊಡ್ಡೋರು. ನಮ್ಮ ಹುಡುಗೀರಿಗೆ ಕಲಿಸ್ಲಿ" ಎಂದರು.

ಅವ್ವನಿಗೆ ಇದನ್ನು ಹೇಳಿದಾಗ ಅವಳು ಸೆರಗಿನಿಂದ ಮುಖ ಒರೆಸಿಕೊಂಡು, "ಮೇಜಿನ ಮುಂದ ನಿಂದ್ರೋದೋ, ಕೂಡ್ರೋದೋ?" ಎಂದು ಕೇಳಿದಳು. ಅಷ್ಟೇ. ಆದರೆ ಮರುದಿನ ಪಕ್ಕದ ಮನೆಯಾಕೆಗೆ, "ನಮ್ಮ ಹುಡುಗಿ ಆಫೀಸ್ನಾಗೆ ನನ್ನ ಕರೀತಾರವ್ವ" ಎನ್ನುತ್ತಿದ್ದುದು ನನಗೆ ಕೇಳಿಸಿತು. ಯಾರ ಮನೆಯ ಜಗಲಿಯಲ್ಲೋ ಕುಳಿತು ಹೊಲಿದವಳಿಗೆ, ಹೆಸರಿರುವ ಕೆಲಸಕ್ಕೆ ಕರೆ ಬಂದದ್ದು ಅದೇ ಮೊದಲು.

ಅವ್ವ ಬಟ್ಟೆ ಕತ್ತರಿಸುತ್ತಿರಲಿಲ್ಲ, ಹರಿಯುತ್ತಿದ್ದಳು. ಅಂಚನ್ನು ಹಲ್ಲಿನಿಂದ ಕಚ್ಚಿ ಸಣ್ಣ ಗಾಯ ಮಾಡಿ ಎರಡೂ ಕೈಯಿಂದ ಎಳೆದರೆ ಸೀರೆ ಪರ್ರನೆ ಉದ್ದಕ್ಕೂ ನೆಟ್ಟಗೆ ಹರಿಯುತ್ತಿತ್ತು. "ಬಟ್ಟೆ ತನ್ನ ದಾರಿ ತಾನೇ ನೋಡ್ಕಂತೈತೆ, ನಾವು ಎಳೀಬೇಕಷ್ಟೇ" ಎನ್ನುತ್ತಿದ್ದಳು. ಮುಂಬಯಿಯವರಿಗೆ ಹರಿದ ಅಂಚು ನಡೆಯುತ್ತಿರಲಿಲ್ಲ. ನೂಲು ಬಿಚ್ಚಿಕೊಳ್ಳುತ್ತದೆ, ಅಂಚು ಸುಕ್ಕಾಗುತ್ತದೆ.

ಭಾನುವಾರ ಬೆಳಿಗ್ಗೆ ಪಡಸಾಲೆಯಲ್ಲಿ ರಬ್ಬರಿನ ಹಾಸು ಹಾಸಿ ಸ್ಕೇಲಿಟ್ಟೆ. ಅವ್ವ ಬಟ್ಟೆ ಮಡಿಚಿ ಇಟ್ಟು, ಸೀಳನ್ನು ಬೆರಳಿನಿಂದ ತಡವಿ, ಬ್ಲೇಡು ಉರುಳಿಸಿದಳು. ಕೈ ಒಂದು ಚೂರೂ ನಡುಗಲಿಲ್ಲ. ಎಲ್ಲ ಸೀಳುಗಳನ್ನೂ ಮುಗಿಸಿ, "ಇದೇನು ಬಿಡು, ಕೂಸು ಕೂಡ ಮಾಡ್ತೈತೆ" ಎಂದಳು.

ನಾನು ಒಂದು ಪಟ್ಟಿ ಎತ್ತಿ ಬಿಡಿಸಿದೆ. ಅದು ನೆಟ್ಟಗಿರಲಿಲ್ಲ. ಮಡಿಕೆಯಿದ್ದ ಕಡೆಯೆಲ್ಲ ಮೊಣಕೈಯಂತೆ ಬಾಗಿತ್ತು. ಇನ್ನೊಂದು ಎತ್ತಿದೆ, ಅದೂ ಹಾಗೆಯೇ.

ಸಾಹೇಬರು ಈ ವಿಷಯ ಮೊದಲೇ ತೋರಿಸಿದ್ದರು. ಸ್ಕೇಲಿನ ಮೇಲೆ ಅಡ್ಡಕ್ಕೆ ಒಂದು ಸಣ್ಣ ಕೆಂಪು ಗೆರೆಯಿದೆ. ಬಟ್ಟೆಯ ಮಡಿಕೆ ಸರಿಯಾಗಿ ಅದರ ಮೇಲೆ ಕೂರಬೇಕು. ಸ್ವಲ್ಪ ಓರೆಯಾದರೂ ಮಡಚಿದಾಗ ನೆಟ್ಟಗೆ ಕಂಡದ್ದು ಬಿಡಿಸಿದಾಗ ಸೊಟ್ಟಗಾಗುತ್ತದೆ. ಅವ್ವನಿಗೆ ಹೇಳಿದೆ.

"ಹೂಂ, ಗೆರೆ ಕಾಣ್ತೈತೆ. ಈಗ ನೋಡು" ಎಂದು ಮತ್ತೊಂದು ಬಟ್ಟೆ ಮಡಿಚಿದಳು. ಮತ್ತೆ ಮೊಣಕೈ.

"ನಿಮ್ಮ ಸ್ಕೇಲೇ ಸೊಟ್ಟ ಐತೆ."

"ಸ್ಕೇಲು ಸರಿ ಐತವ್ವ."

"ಹಂಗಾರೆ ನಿಮ್ಮ ಸಾಹೇಬ್ರು ಸೊಟ್ಟ ಅದಾರೆ."

ನಾನು ನಕ್ಕೆ. ನಗುತ್ತಲೇ ನನಗೊಂದು ಅನುಮಾನ ಬಂತು. ಮೂರನೆಯ ಬಟ್ಟೆಯನ್ನು ನಾನೇ ಮಡಿಚಿ, ಮಡಿಕೆಯನ್ನು ಕೆಂಪು ಗೆರೆಯಿಂದ ಎರಡು ಬೆರಳು ದೂರಕ್ಕೆ ಬೇಕೆಂದೇ ಓರೆಯಾಗಿಟ್ಟೆ. "ಅವ್ವ, ಈಗ ಸರಿ ಕೂತೈತೇನು ನೋಡು" ಎಂದೆ.

ಅವಳು ಬಗ್ಗಿ ನೋಡಿದಳು. "ಸರಿ ಐತೆ, ಕೊಯ್ಯಿ" ಎಂದಳು.

ಸೂಜಿಗೆ ದಾರ ಪೋಣಿಸಲು ಅವಳು ಸದಾ ಓಣಿಯ ಮಕ್ಕಳನ್ನು ಕರೆಯುತ್ತಿದ್ದುದು, ಎಡಗಡೆಗೆ ಇಟ್ಟ ಚೊಂಬನ್ನು ಉರುಳಿಸಿ ನನ್ನನ್ನೇ ಬೈಯುತ್ತಿದ್ದುದು, ಎಲ್ಲ ಒಮ್ಮೆಲೇ ಅರ್ಥವಾಯಿತು. ಬಟ್ಟೆ ಹರಿಯಲು ಕಣ್ಣು ಬೇಕಿರಲಿಲ್ಲ. ಹೊಲಿಗೆ ಬೆರಳಿನ ತುದಿಯಲ್ಲಿತ್ತು. ಆ ಕೆಂಪು ಗೆರೆಯನ್ನು ಮಾತ್ರ ನೋಡಲೇಬೇಕಿತ್ತು.

"ಯಾವಾಗಿಂದ ಅವ್ವ?"

"ಏನು ಯಾವಾಗಿಂದ?"

ಅವಳು ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸತೊಡಗಿದಳು. ಆಮೇಲೆ, "ಎಡಗಣ್ಣು ಹೋಗಿ ಭಾಳ ದಿನ ಆತು. ಇನ್ನೊಂದೂ ಈಗೀಗ ಸಣ್ಣ ಆಗೈತೆ, ಕೊಳವಿಯಾಗ ನೋಡಿದಂಗೆ" ಎಂದಳು.

"ಯಾಕ ಹೇಳ್ಲಿಲ್ಲ?"

"ಹೇಳಿದ್ರೆ ಯಾರು ಕೌದಿ ಕೊಡ್ತಿದ್ರು? ನೀ ಕೊಡಿಸ್ತಿದ್ದೇನು?"

ನಾನು ಬ್ಲೇಡನ್ನು ಎತ್ತಿಟ್ಟು ಸ್ಕೇಲನ್ನು ಗೋಡೆಗೆ ಒರಗಿಸಿದೆ.

ಮರುದಿನ ಕೆಲಸಕ್ಕೆ ರಜೆ ಹಾಕಿ ಅವಳನ್ನು ದಾವಣಗೆರೆಯ ಕಣ್ಣಿನ ಡಾಕ್ಟರ ಬಳಿ ಕರೆದುಕೊಂಡು ಹೋದೆ. ಅವಳು ಮದುವೆಗೆ ಉಡುವ ಸೀರೆ ಉಟ್ಟಿದ್ದಳು. ಗೋಡೆಯ ಮೇಲೆ ಓದು ಬರದವರಿಗೆಂದೇ ಬೇರೆ ಬೋರ್ಡಿತ್ತು. ಅದರ ತುಂಬ ಮೂರು ಹಲ್ಲಿನ ಬಾಚಣಿಗೆಯಂತಹ ಗುರುತುಗಳು. ಹಲ್ಲು ಯಾವ ಕಡೆಗಿವೆ ಎಂದು ಕೈಯಿಂದ ತೋರಿಸಬೇಕು.

ಡಾಕ್ಟರು ಅವಳ ಬಲಗಣ್ಣು ಮುಚ್ಚಿಸಿ, "ಅತಿ ದೊಡ್ಡದು, ಮೇಲಿಂದು. ಯಾವ ಕಡೆ ಐತ್ರಿ ಅಮ್ಮ?" ಎಂದರು.

"ನನ್ನ ಮಗಳು ಬಿ.ಕಾಂ. ಓದ್ಯಾಳೆ. ಅಕಿನ್ನ ಕೇಳ್ರಿ" ಎಂದಳು ಅವ್ವ.

ಡಾಕ್ಟರು ನಕ್ಕು, "ಪರೀಕ್ಷೆ ನಿಮ್ಮದ್ರಿ" ಎಂದರು.

ನಾನು ಅವಳ ಹಿಂದೆಯೇ ಸ್ಟೂಲಿನ ಮೇಲೆ ಕುಳಿತಿದ್ದೆ. ಅವಳು ಕುತ್ತಿಗೆ ಸ್ವಲ್ಪ ವಾಲಿಸಿ, ತುಟಿ ಅಲ್ಲಾಡದಂತೆ, "ಯಾವ ಕಡಿಗೇ?" ಎಂದಳು. "ಹೇಳೇ, ಯಾವ ಕಡಿಗೆ ಹೇಳೇ" ಎಂದು ಮತ್ತೆ ಕೇಳಿದಳು. ಹಲ್ಲುಗಳು ಕೆಳಮುಖವಾಗಿದ್ದವು. ನಾನು ನನ್ನ ಕೈಗಳನ್ನೇ ನೋಡುತ್ತ ಕುಳಿತೆ. ಅವ್ವ ಬಲಗಡೆಗೆ ಕೈ ತೋರಿಸಿದಳು.

ಹೋದ ದೃಷ್ಟಿ ತಿರುಗಿ ಬರುವುದಿಲ್ಲ, ಕಣ್ಣಿನೊಳಗೆ ಒತ್ತಡ ಏರಿ ನರ ಸತ್ತಿದೆ, ಉಳಿದದ್ದನ್ನು ಉಳಿಸಿಕೊಳ್ಳಲು ಜೀವನಪರ್ಯಂತ ಹನಿ ಹಾಕಬೇಕು ಎಂದರು ಡಾಕ್ಟರು. ಬ್ಲೇಡಿನ ಕೆಲಸ ಬೇಡವೇ ಬೇಡ ಎಂದರು.

ಬಸ್‌ ಸ್ಟ್ಯಾಂಡಿನವರೆಗೆ ಅವ್ವ ನನ್ನ ತೋಳು ಹಿಡಿಯಲಿಲ್ಲ. ಹಿಂದೆ ಹಿಂದೆ ನಡೆದಳು. ಬೆಂಚಿನ ಮೇಲೆ ಕುಳಿತ ಮೇಲೆ ಕೇಳಿದಳು, "ಸಾಹೇಬ್ರಿಗೆ ಏನಂತ ಹೇಳ್ತಿ?"

"ಕಣ್ಣು ಸರಿ ಇಲ್ಲ ಅಂತ ಹೇಳ್ತೀನಿ."

ಅವಳು ಸೆರಗಿನ ಅಂಚನ್ನು ಬೆರಳಲ್ಲಿ ಸುತ್ತಿ ಬಿಡಿಸಿದಳು. "ಕೈ ಚಲೋ ಐತೆ ಅಂತಾನೂ ಹೇಳು" ಎಂದಳು.

ಎರಡನ್ನೂ ಹೇಳಿದೆ. ಸಾಹೇಬರು ಮೊದಲನೆಯದನ್ನು ಕೇಳಿಯೇ "ಅಯ್ಯೋ ಪಾಪ" ಎಂದು ಎದ್ದು ನಿಂತಿದ್ದರು. ಬೇರೆ ಯಾರನ್ನಾದರೂ ನೋಡು ಎಂದರು. ಕುಕ್ಕುವಾಡದಿಂದ ಬರುತ್ತಿದ್ದ ಒಬ್ಬ ಹೆಣ್ಣುಮಗಳನ್ನು ಕತ್ತರಿಸುವ ಮೇಜಿಗೆ ಕೂರಿಸಿದೆವು. ಮಡಿಕೆಯನ್ನು ಗೆರೆಯ ಮೇಲೆ ಕೂರಿಸುವುದನ್ನು ಅವಳಿಗೆ ನಾನೇ ತೋರಿಸಿಕೊಟ್ಟೆ.