ಅಕ್ಕನ ಮಗಳು ಕಟ್ಟಿದ ಊರು

ಕೈಗೆ ಸಿಕ್ಕಿದ್ದನ್ನೆಲ್ಲ ಬಿಚ್ಚಿ ಹಾಕುತ್ತಾನೆಂದು ಬೀದಿಯವರು ಅವನಿಗೆ ಬಿಚ್ಚಣ್ಣ ಎಂದು ಹೆಸರಿಟ್ಟಿದ್ದರು. ರೇಡಿಯೊ, ಗಡಿಯಾರ, ಮಿಕ್ಸಿ, ಯಾವುದಾದರೂ ಸರಿ. ಮೆಟ್ಟಿಲ ಕೆಳಗಿನ ಗೂಡಂಗಡಿಯಲ್ಲಿ ಮೂವತ್ತು ವರ್ಷ ಕೂತು ಬೆನ್ನು ಬಾಗಿತ್ತು, ಬಾಯಿ ಮಾತ್ರ ಬಾಗಿರಲಿಲ್ಲ. ಅವನದೊಂದು ಕಟ್ಟಳೆಯಿತ್ತು: ಬಿಚ್ಚಿದ ವಸ್ತುವನ್ನು ಹಳೇ ಬ್ಯಾಟರಿ ಇಟ್ಟು ಮುಚ್ಚಬಾರದು. "ಇವತ್ತು ರಿಪೇರಿ ಮಾಡ್ಕೊಟ್ಟು ನಾಳೆ ಬ್ಯಾಟರಿ ಸತ್ರೆ ಬೈಗುಳ ಯಾರಿಗೆ? ನಂಗೇ!" ಅನ್ನುತ್ತಿದ್ದ.

ಒಂದು ದಿನ ಅಕ್ಕ ಬಟ್ಟೆಚೀಲದಲ್ಲಿ ಹಳೇ ವಿಡಿಯೊ ಗೇಮ್ ತಂದಳು. ಅದು ಅವಳ ಮಗಳದು. ಹದಿಮೂರು ತುಂಬುವ ಮೊದಲೇ ಹುಡುಗಿ ಕಾಯಿಲೆಯಲ್ಲಿ ಹೋಗಿ ಹತ್ತೊಂಬತ್ತು ವರ್ಷವಾಗಿತ್ತು. ಕೊನೆಯ ತಿಂಗಳೆಲ್ಲ ಮಂಚದ ಮೇಲೆ ಕೂತು ಒಂದೇ ಆಟ ಆಡಿದ್ದಳು, ಊರು ಕಟ್ಟುವ ಆಟ. "ಅಮ್ಮಾ, ನಿಂಗೊಂದು ಮನೆ ಕಟ್ಟಿದೀನಿ, ಬಂದು ನೋಡು" ಎಂದು ಕರೆದಾಗಲೆಲ್ಲ ಅಕ್ಕ ಒಲೆಯ ಮುಂದಿನಿಂದ "ಬಂದೆ, ಬಂದೆ" ಅಂದಿದ್ದಳೇ ಹೊರತು ಹೋಗಿರಲಿಲ್ಲ. ಆಮೇಲೆ ಅದನ್ನು ಮುಟ್ಟುವ ಧೈರ್ಯವೇ ಬರಲಿಲ್ಲ.

"ಈಗ ನೋಡ್ಬೇಕು ಕಣೋ," ಅಂದಳು. "ನನ್ನ ಮನೆ ಎಲ್ಲಿ ಕಟ್ಟಿದ್ದಾಳೆ ಅಂತ ಒಂದ್ಸಲ ನೋಡಿದ್ರೆ ಸಾಕು."

ಅಂಗಡಿಯ ಟೀವಿಗೆ ಜೋಡಿಸಿದರೆ ಕೆಂಪು ದೀಪ ಉರಿಯುತ್ತಿತ್ತು, ಪರದೆ ಮಾತ್ರ ಕಪ್ಪಗೆ ಕೂತಿತ್ತು. ಅಡಾಪ್ಟರ್ ಬದಲಿಸಿದ. ಊಹೂಂ. ಆಟದ ಕ್ಯಾಸೆಟ್ ಕೂರುವ ಸಂದಿಯ ಪಿನ್ನುಗಳನ್ನು ಒಂದೊಂದಾಗಿ ಉಜ್ಜಿದ. ಅದೂ ಇಲ್ಲ. ಮೂರನೇ ದಿನ ಭೂತಗನ್ನಡಿ ಹಿಡಿದಾಗ ಕಳ್ಳ ಸಿಕ್ಕಿದ: ಎರಡು ಕೆಪಾಸಿಟರ್ ಸೋರಿ, ಬೋರ್ಡಿನ ತಾಮ್ರದ ಗೆರೆಯನ್ನೇ ತಿಂದುಹಾಕಿದ್ದವು. ಅವನ್ನು ಬದಲಿಸಿ, ಕೂದಲೆಳೆಯಂಥ ತಂತಿ ಬೆಸೆದು, ಅಂಗಡಿಯಲ್ಲಿದ್ದ ಬೇರೊಂದು ಕ್ಯಾಸೆಟ್ ಹಾಕಿದರೆ ಡಬ್ಬಾ ಟೀವಿಯ ತುಂಬ ಬಣ್ಣ ಬಂತು. ಖುಷಿಗೆ ಶಿಳ್ಳೆ ಹಾಕಿದ. ಶಿಳ್ಳೆ ಹಾಕುತ್ತಲೇ ಅಕ್ಕನ ಕ್ಯಾಸೆಟ್ ಬಿಚ್ಚಿ, ಒಳಗಿನ ನಾಣ್ಯದಂಥ ಬ್ಯಾಟರಿ ಕಿತ್ತು, ಹೊಸದನ್ನು ಬೆಸೆದು ಸ್ಕ್ರೂ ಬಿಗಿದ.

ಬಿಗಿದ ಮೇಲೆ ನೆನಪಾಯಿತು. ಆಡಿದ್ದೆಲ್ಲ ಉಳಿಯುವುದು ಆ ಬ್ಯಾಟರಿಯಿಂದ. ಒಂದು ಗಳಿಗೆ ಅದರ ಕರೆಂಟ್ ತಪ್ಪಿದರೂ ಕಟ್ಟಿದ ಊರೆಲ್ಲ ಅಳಿಸಿಹೋಗುತ್ತದೆ. ಕೀಳುವ ಮೊದಲು ಹೊರಗಿನಿಂದ ಇನ್ನೊಂದು ಬ್ಯಾಟರಿಯ ಆಸರೆ ಕೊಡಬೇಕು. ಊರಿಗೆಲ್ಲ ಈ ಪಾಠ ಹೇಳುತ್ತಿದ್ದ ಮಹಾಶಯ ಇವನೇ! ಹಳೆಯದನ್ನು ಮೀಟರಿಗೆ ಹಿಡಿದ. ಸತ್ತಿರಲಿ ದೇವರೇ ಎಂದು ಬೇಡಿಕೊಂಡ. ಮುಳ್ಳು ಎರಡೂಮುಕ್ಕಾಲು ವೋಲ್ಟಿಗೆ ಹೋಗಿ ನಿಂತಿತು. ಇಷ್ಟು ವರ್ಷವೂ ಅದು ಜೀವ ಹಿಡಿದುಕೊಂಡೇ ಇತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಮಧ್ಯಾಹ್ನ ಅಕ್ಕ ಬಂದಳು. ಚೆನ್ನಾಗಿ ಕಾಣಲೆಂದು ಹೊಸ ಕನ್ನಡಕ ಮಾಡಿಸಿಕೊಂಡಿದ್ದಳು. ಪರದೆಯ ಮೇಲೆ ಒಂದು ಮನೆಯೂ ಇಲ್ಲದ ಹಸಿರು ಬಯಲು ಬಂತು. ಊರಿಗೆ ಹೆಸರು ಕೊಡಿ ಎಂದು ಆಟ ಕೇಳುತ್ತಿತ್ತು.

"ಬ್ಯಾಟರಿ ಮೊದ್ಲೇ ಸತ್ತಿತ್ತು ಅಕ್ಕ," ಅಂದುಬಿಟ್ಟ.

ಅಕ್ಕ ಹಣೆ ಚಚ್ಚಿಕೊಂಡಳು. "ಹೋದ ವರ್ಷ ತಂದಿದ್ರೆ ಇರ್ತಿತ್ತೇನೋ. ಅವಳು ಕರೆದಾಗ್ಲೂ ಹೋಗ್ಲಿಲ್ಲ, ಈಗ್ಲೂ ತಡ ಮಾಡ್ದೆ. ಎಂಥ ತಾಯಿನೋ ನಾನು!"

ಅವನಿಗೆ ಈ ತಪ್ಪನ್ನೂ ಅವಳ ತಲೆಗೆ ಕಟ್ಟಲು ಮನಸ್ಸು ಬರಲಿಲ್ಲ. "ಇಲ್ಲ ಅಕ್ಕ, ಬೆಳಿಗ್ಗೆವರೆಗೂ ಇತ್ತು. ನಾನೇ ಕಿತ್ತುಬಿಟ್ಟೆ. ಕೈ ಅಭ್ಯಾಸ."

ಬೈಯುತ್ತಾಳೆಂದು ತಲೆ ತಗ್ಗಿಸಿ ಕಾದ. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಅಕ್ಕ ಬೈಯಲಿಲ್ಲ. ಆ ಬಯಲನ್ನೇ ನೋಡುತ್ತ ಮೆಲ್ಲಗೆ ಕೇಳಿದಳು:

"ಕೀಳೋ ಮುಂಚೆ ನೀನಾದ್ರೂ ನೋಡಿದ್ಯೇನೋ? ಎಲ್ಲಿತ್ತು ನನ್ನ ಮನೆ?"

"ಇಲ್ಲ ಅಕ್ಕ," ಅಂದ. "ನಾನೂ ನೋಡ್ಲಿಲ್ಲ."