ಕಡ ತಂದ ಕೊಳೆ

ನಿಜ ಹೇಳಿ, ನಿಮ್ಮಲ್ಲಿ ಯಾರಾದರೂ ಇನ್ನೊಬ್ಬರ ಹತ್ತಿರ ಹೋಗಿ ಕೊಳೆ ಕಡ ಕೇಳಿದ್ದೀರಾ? ಸಕ್ಕರೆ ಕೇಳಿರುತ್ತೀರಿ, ಕಾಫಿಪುಡಿ ಕೇಳಿರುತ್ತೀರಿ. ನಾನು ಹೋದ ವಾರ ಕೊಪ್ಪದಿಂದ ಬಸ್ಸು ಹತ್ತಿ ಎನ್.ಆರ್. ಪುರಕ್ಕೆ ಹೋಗಿ ಒಂದು ಡಬ್ಬಿ ಕೊಳೆ ತಂದೆ. ತೊಡೆ ಮೇಲೆ ಇಟ್ಟುಕೊಂಡು, ಚೆಲ್ಲದ ಹಾಗೆ!

ಕಾರಣ? ನನ್ನ ಸ್ವಚ್ಛತೆ.

ನನ್ನ ಸೊಸೆ ಶುಭಾ ಕುಂದಾಪುರದ ಕಡೆಯವಳು. ನಮ್ಮ ಹಾಲ್‌ನಲ್ಲಿ ಗಾಜಿನ ತೊಟ್ಟಿ ಇಟ್ಟು, ಉಪ್ಪುನೀರು ತುಂಬಿ, ಮೂರು ವರ್ಷದಿಂದ ಒಂದು ಎನಿಮನಿ ಸಾಕಿದ್ದಾಳೆ. (ಹಾಗಂತ ಟೈಪ್ ಮಾಡಿದರೆ ನನ್ನ ಫೋನು ‘ಎನಿ ಮನೆ’ ಅಂತ ತಿದ್ದುತ್ತದೆ. ಎನಿಮನಿ ಮನೆ ಬದಲಾಯಿಸುವ ಸುದ್ದಿ ಫೋನಿಗೂ ಗೊತ್ತಾಗಿರಬೇಕು.) ನೋಡಲು ಥೇಟ್ ಡೇರೆ ಹೂವು. ಆದರೆ ಹೂವಲ್ಲ, ಸಮುದ್ರದ ಪ್ರಾಣಿ. ಕಲ್ಲಿಗೆ ಕಾಲು ಅಂಟಿಸಿಕೊಂಡು ಕೂತಲ್ಲೇ ಸೀಗಡಿ ಚೂರು ತಿನ್ನುತ್ತದೆ. (ಆ ಹೊತ್ತಿಗೆ ನಾನು ದೇವರ ಕೋಣೆಯಲ್ಲಿರುತ್ತೇನೆ.) ಅದರ ಎಸಳುಗಳ ನಡುವೆ ಒಂದು ಕಿತ್ತಳೆ ಬಣ್ಣದ ಮೀನಿನ ವಾಸ.

ಈಚೆಗೆ ತೊಟ್ಟಿಯ ಮೂಲೆ ಸೋರಲು ಶುರುವಾಯಿತು. ದೊಡ್ಡದೊಂದು ತೊಟ್ಟಿ ಬಂತು. ಸ್ಥಳಾಂತರದ ಹಿಂದಿನ ದಿನ ಶುಭಾ ಕೆಲಸಕ್ಕೆ ಹೋಗಿದ್ದಾಗ, ನಾನೂ ಒಂದು ಕೈ ಹಾಕೋಣ ಅಂತ ನೋಡಿದೆ. ನೀರು ಸೋಸುವ ಸ್ಪಂಜನ್ನು ಬಕೆಟ್ಟಿನಲ್ಲಿ ತೆಗೆದಿಟ್ಟಿದ್ದಳು. ಕಪ್ಪಗೆ, ಲೋಳೆಲೋಳೆ. ಹೊಸ ಮನೆಗೆ ಇದನ್ನು ಒಯ್ಯುವುದೇ? ಕುದಿಯುವ ನೀರಲ್ಲಿ ನೆನೆಸಿ, ತಿಕ್ಕಿ, ಹಿಂಡಿ ಬಿಸಿಲಿಗೆ ಹಾಕಿದೆ. ಅದರ ಬಣ್ಣ ಹಳದಿ ಅಂತ ಆಗಲೇ ಗೊತ್ತಾಗಿದ್ದು!

ಸಂಜೆ ಬಂದ ಶುಭಾ ತಂತಿಯ ಮೇಲೆ ಸ್ಪಂಜು ನೋಡಿ ಮೆಟ್ಟಿಲ ಮೇಲೇ ಕೂತುಬಿಟ್ಟಳು.

“ಅತ್ತೆ, ಅದರಲ್ಲಿ ಬ್ಯಾಕ್ಟೀರಿಯಾ ಇತ್ತು!”

“ಅದಕ್ಕೇ ಅಲ್ವನೇ ತೊಳ್ದಿದ್ದು?”

“ಅಯ್ಯೋ, ಅವೇ ಬೇಕಿತ್ತು! ಹೊಲಸು ತಿಂದು ನೀರು ಸರಿ ಇಡೋವೇ ಅವು. ಹೊಸ ತೊಟ್ಟೀಲಿ ತಾವಾಗೇ ಹುಟ್ಟೋಕೆ ತಿಂಗಳುಗಟ್ಟಲೆ ಬೇಕು. ಹಳೇದು ಸ್ವಲ್ಪ ಹಾಕಿದ್ರೆ ಬೇಗ ಹಬ್ತಾವೆ. ಈಗ ಎನಿಮನಿನ ಅಲ್ಲಿ ಬಿಟ್ರೆ ಸಾಯುತ್ತೆ. ಇಲ್ಲೇ ಇಟ್ರೆ ತೊಟ್ಟಿ ತಡೆಯಲ್ಲ.”

“ಅಂದ್ರೆ… ನಾನು ಹೆಪ್ಪು ತೊಳೆದುಬಿಟ್ನಾ?”

ಆ ಮಾತು ಬಾಯಿಂದ ಬಂದದ್ದೇ ದಾರಿ ಹೊಳೆಯಿತು. ಮನೆಯ ಹೆಪ್ಪು ಕೆಟ್ಟರೆ ಏನು ಮಾಡುತ್ತೇವೆ? ಪಕ್ಕದ ಮನೆಯಿಂದ ತರುತ್ತೇವೆ. ಪಕ್ಕದ ಮನೆಯಲ್ಲಿ ಸಮುದ್ರ ಇಲ್ಲದಿದ್ದರೆ? ಎನ್.ಆರ್. ಪುರದಲ್ಲಿ ಚಪ್ಪಲಿ ಅಂಗಡಿಯ ಅಶ್ರಫ್ ಇಂಥದ್ದೇ ಉಪ್ಪುನೀರಿನ ತೊಟ್ಟಿ ಇಟ್ಟಿದ್ದಾನೆ ಅಂತ ಶುಭಾ ಹೇಳಿದ್ದು ನೆನಪಿತ್ತು. ತಪ್ಪು ನನ್ನದು, ಬಸ್ಸೂ ನನ್ನದೇ ಅಂತ ಬೆಳಿಗ್ಗೆ ಎದ್ದು ಹೊರಟೆ.

“ಒಂದ್ ಚೂರು ಕೊಳೆ ಕೊಡೋ ಮಾರಾಯ,” ಅಂದೆ.

ಅಶ್ರಫ್ ನನ್ನ ಕಥೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ತನ್ನ ತೊಟ್ಟಿಯ ಸ್ಪಂಜನ್ನೇ ಅರ್ಧ ಕತ್ತರಿಸಿ, ಅದೇ ನೀರಿನ ಜೊತೆ ನನ್ನ ಡಬ್ಬಿಗೆ ಹಾಕಿ, “ಅಮ್ಮ, ದಾರೀಲಿ ತೊಳೀಬೇಡಿ ಮತ್ತೆ,” ಅಂದ.

ನಾನು ಡಬ್ಬಿ ತಂದದ್ದೇ ಶುಭಾ ಆ ಸ್ಪಂಜನ್ನು ಹೊಸ ತೊಟ್ಟಿಯ ನೀರಿಗೆ ಹಾಕಿದಳು. ಎನಿಮನಿಯನ್ನು ಕಲ್ಲಿನಿಂದ ಕೀಳಬಾರದು, ಕಾಲು ಹರಿದರೆ ಮುಗಿಯಿತು. ಹಾಗಾಗಿ ಶುಭಾ ಕಲ್ಲು ಸಮೇತ ಎತ್ತಿ ಹೊಸ ತೊಟ್ಟಿಗೆ ಇಳಿಸಿದಳು. ನಾನು ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದೆ. (ಆಜ್ಞೆಯಾಗಿತ್ತು.)

ಎರಡು ದಿನ ಅದು ಮುದುಡಿಯೇ ಇತ್ತು, ಬಾಡಿದ ಅಣಬೆಯ ಹಾಗೆ. ಮೀನು ಬೀಗದ ಕೈ ಕಳೆದುಕೊಂಡವರಂತೆ ಅದರ ಸುತ್ತಲೇ ತಿರುಗುತ್ತಿತ್ತು. ಶುಭಾ ನನಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಊಟವಾದರೂ ಸೇರುತ್ತಿತ್ತು.

ಮೂರನೇ ಬೆಳಿಗ್ಗೆ ಕೂಗು: “ಅತ್ತೆ, ಬೇಗ ಬನ್ನಿ!”

ಅರಳಿತ್ತು. ಹಳೆ ತೊಟ್ಟಿಯಲ್ಲಿ ಇಷ್ಟಗಲ ಅರಳಿದ್ದನ್ನು ನಾನು ನೋಡಿಯೇ ಇರಲಿಲ್ಲ. ಮೀನು ಒಳಗೆ ನುಗ್ಗಿ ಮೈ ಉಜ್ಜಿಕೊಳ್ಳುತ್ತಿತ್ತು.

ಆಯಸ್ಸಿಡೀ ಫಳಫಳ ಹೊಳೆಯುವುದೇ ಒಳ್ಳೆಯದು ಅಂತ ತಿಕ್ಕುತ್ತಾ ಬಂದವಳು ನಾನು. ಹೊಸದು ಬದುಕಲು ಹಳೆಯದರ ಒಂದು ಚೂರು ಬೇಕು ಅಂತ ಕಲಿಸಲು ಚಪ್ಪಲಿ ಅಂಗಡಿಯ ಕೊಳೆ ಬರಬೇಕಾಯಿತು. ಕಲಿತದ್ದನ್ನು ಸುಮ್ಮನೆ ಇಟ್ಟುಕೊಳ್ಳುವ ಜಾಯಮಾನ ನನ್ನದಲ್ಲವಲ್ಲ!

“ನೋಡು ಶುಭಾ,” ಅಂದೆ, “ಮನೇಲಿ ನಮ್ಮಂಥ ಹಳೇ ಜನ ಇರೋದೂ ಹೆಪ್ಪು ಇದ್ದ ಹಾಗೇ, ಅಲ್ವನೇ?”

ಅವಳು ಗಾಜಿನಿಂದ ಕಣ್ಣು ತೆಗೆಯದೆ ಅಂದಳು: “ಹೌದತ್ತೆ. ಆದ್ರೆ ಹೆಪ್ಪು ಒಂದ್ ಚಮಚ ಸಾಕು. ಜಾಸ್ತಿ ಆದ್ರೆ ಹುಳಿ!”